ಧಡ್ ಅಂತ ಇಳಿದರೆ ಬೈಬೇಡಿ

ಮಳೆಗಾಲ. ಬಂಟ್ವಾಳದಲ್ಲಿ ಸಂಬಂಧಿಕರೊಬ್ಬರ ಉತ್ತರಕ್ರಿಯೆಗೆ ಅಂತ ಬೆಂಗಳೂರಿನಿಂದ ಬಜ್ಪೆಗೆ ವಿಮಾನದಲ್ಲಿ ಬರ್ತಾ ಇದ್ದೆ. ಕಿಟಕಿಯ ಹೊರಗೆ ಬರೀ ಬಿಳಿ ಮೋಡ. ಮೋಡ ಹರಿದಾಗ ಒಮ್ಮೆ ಅಡಿಕೆ ತೋಟ, ಇನ್ನೊಮ್ಮೆ ಕೆಂಪು ಮಣ್ಣಿನ ಗುಡ್ಡ. ಆಮೇಲೆ ಒಂದೇ ಸಲ ಧಡ್! ಮೇಲಿನ ಲಗೇಜ್ ಬಾಕ್ಸ್‌ಗಳೆಲ್ಲ ಗಡಗಡ ಅಂದವು. ಹಿಂದಿನ ಸೀಟಿನಲ್ಲಿ ಮಗು ಕಿಟಾರನೆ ಕಿರುಚಿತು.

ನನ್ನ ಪಕ್ಕ ವೇಣೂರು ಕಡೆಯ ಹಿರಿಯರೊಬ್ಬರು ಕೂತಿದ್ದರು. ಮೂವತ್ತು ವರ್ಷ ಗಲ್ಫ್‌ನಲ್ಲಿ ದುಡಿದವರು. ಸೊಂಟ ಹಿಡ್ಕೊಂಡು ಹೇಳಿದರು, "ಎಂತ ಮಾರಾಯ್ರೆ, ಇವನು ವಿಮಾನ ಇಳಿಸಿದ್ದಾ, ತೆಂಗಿನಕಾಯಿ ಕೆಡವಿದ್ದಾ?"

ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಇಳಿಯುವಾಗ ಬಾಗಿಲ ಬಳಿ ನಿಂತಿದ್ದ ಪೈಲಟ್‌ಗೆ ಥ್ಯಾಂಕ್ಸ್ ಹೇಳಿ ಬಂದೆ. ಹಿರಿಯರಿಗೆ ಆಶ್ಚರ್ಯ. "ಎಂತಕ್ಕೆ ಥ್ಯಾಂಕ್ಸು?" ಅಂದರು. ಲಗೇಜ್ ಬರೋವರೆಗೆ ಅವರಿಗೆ ನಾನು ಹೇಳಿದ ಕಥೆಯನ್ನೇ ಇವತ್ತು ನಿಮಗೂ ಹೇಳ್ತೀನಿ. ಇದು ಬಜ್ಪೆ ಗುಡ್ಡದ ಕಥೆ. ನನ್ನದೇ ಒಂದು ತಪ್ಪಿನ ಕಥೆಯೂ ಹೌದು.

ಮೊದಲು ಈ "ಹಾರ್ಡ್ ಲ್ಯಾಂಡಿಂಗ್" ಅಂದ್ರೆ ಏನು ಅಂತ ನೋಡೋಣ. ದೊಡ್ಡ ಪ್ರಯಾಣಿಕ ವಿಮಾನ ರನ್‌ವೇ ಕಡೆ ಬರುವಾಗ ನಿಮಿಷಕ್ಕೆ ಸುಮಾರು 700 ಅಡಿಯಂತೆ ಕೆಳಗಿಳಿಯುತ್ತೆ. ನೆಲಕ್ಕೆ ಇನ್ನೇನು ಮೂವತ್ತು ಅಡಿ ಇದೆ ಅನ್ನುವಾಗ ಪೈಲಟ್ ಮೂತಿಯನ್ನು ಸ್ವಲ್ಪ ಎತ್ತುತ್ತಾನೆ. ಇಳಿಯುವ ವೇಗ ನಿಮಿಷಕ್ಕೆ ನೂರೈವತ್ತು ಅಡಿಯ ಆಸುಪಾಸಿಗೆ ಬರುತ್ತೆ, ಚಕ್ರ ನೆಲ ಮುಟ್ಟುತ್ತೆ. ಆ ಎತ್ತುವ ಕ್ಷಣ ಒಂದೆರಡು ಸೆಕೆಂಡ್ ತಡ ಆದರೆ ಧಡ್. ಕೊನೇ ಗಳಿಗೆಯಲ್ಲಿ ಗಾಳಿ ದಿಕ್ಕು ಬದಲಿಸಿದರೆ ಧಡ್. ರನ್‌ವೇ ಇಳಿಜಾರಾಗಿದ್ದು ಕಣ್ಣಿಗೆ ಎತ್ತರದ ಅಂದಾಜು ತಪ್ಪಿದರೆ ಧಡ್. ಮೊದಲೇ ಎತ್ತರದಲ್ಲಿದ್ದು, ಆಮೇಲೆ ಗಡಿಬಿಡಿಯಲ್ಲಿ ಮೂತಿ ತಗ್ಗಿಸಿಕೊಂಡು ಬಂದರೂ ಧಡ್.

ವಿಮಾನ ಇದಕ್ಕೆ ಸಿದ್ಧವಾಗಿಯೇ ಹುಟ್ಟಿರುತ್ತೆ. ಇಳಿಯುವಾಗ ಇರಬಹುದಾದ ಗರಿಷ್ಠ ತೂಕದಲ್ಲಿ ಸೆಕೆಂಡಿಗೆ 10 ಅಡಿ, ಅಂದರೆ ನಿಮಿಷಕ್ಕೆ 600 ಅಡಿ ವೇಗದಲ್ಲಿ ನೆಲಕ್ಕೆ ಬಡಿದರೂ ಅದರ ಕಾಲು ತಡೆದುಕೊಳ್ಳಬೇಕು. ಇದು ವಿಮಾನ ತಯಾರಿಸುವಾಗಲೇ ಪಾಲಿಸಬೇಕಾದ ಅಂತಾರಾಷ್ಟ್ರೀಯ ಲೆಕ್ಕ. ನಮ್ಮ ಸೊಂಟಕ್ಕೆ ಬಿದ್ದ ಪೆಟ್ಟು ಅದರ ಅರ್ಧವೂ ಇರಲಿಕ್ಕಿಲ್ಲ. ಜೋರಾಗಿ ಬಡಿದಿದೆ ಅನಿಸಿದರೆ ಪೈಲಟ್ ಅದನ್ನ ಪುಸ್ತಕದಲ್ಲಿ ಬರೆಯಬೇಕು. ಇಂಜಿನಿಯರ್‌ಗಳು ಬಂದು ಚಕ್ರ, ಕಾಲು, ರೆಕ್ಕೆಯ ಬುಡ, ಇಂಜಿನ್ ಕೂರಿಸಿದ ಜಾಗ ಎಲ್ಲವನ್ನೂ ನೋಡಿ ಸರಿ ಇದೆ ಅಂದ ಮೇಲೆಯೇ ಮತ್ತೆ ಹಾರಾಟ.

ಹಾಗಂತ ಧಡ್ ಅನ್ನೋದೆಲ್ಲ ತಮಾಷೆ ಅಲ್ಲ. ಲೆಕ್ಕ ಮೀರಿದರೆ ಏನಾಗುತ್ತೆ ಅಂತ 2025ರ ಫೆಬ್ರವರಿ 17ರಂದು ನೀವೇ ಟಿವಿಯಲ್ಲಿ ನೋಡಿದ್ದೀರಿ. ಕೆನಡಾದ ಟೊರೊಂಟೊದಲ್ಲಿ ವಿಮಾನವೊಂದು ನೆಲಕ್ಕೆ ಬಡಿದ ರಭಸಕ್ಕೆ ಬಲಗಾಲು ಮುರಿದು, ರೆಕ್ಕೆ ಕಳಚಿ, ಬೆನ್ನ ಮೇಲೆ ಮಗುಚಿತು. ಒಳಗಿದ್ದ 80 ಜನರೂ ತಲೆಕೆಳಗಾಗಿ ಬೆಲ್ಟ್‌ನಲ್ಲಿ ನೇತಾಡಿ ಬದುಕಿ ಬಂದರು.

ನಮ್ಮ ಬೆಂಗಳೂರಿಗೆ ಆ ಅದೃಷ್ಟ ಇರಲಿಲ್ಲ. 1990ರ ಫೆಬ್ರವರಿ 14. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಏರ್‌ಬಸ್ ಎ-320, ಎಚ್ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಇಂಜಿನ್‌ಗಳು ತೀರಾ ಕಡಿಮೆ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಾ ಇತ್ತು, ವಿಮಾನ ತಗ್ಗುತ್ತಾ ಇತ್ತು. ಇಬ್ಬರು ಪೈಲಟ್‌ಗಳಿಗೂ ಅದು ಅರಿವಾಗುವಷ್ಟರಲ್ಲಿ ಹೊತ್ತು ಮೀರಿತ್ತು. ರನ್‌ವೇಗಿಂತ ಸುಮಾರು 2,300 ಅಡಿ ಮೊದಲೇ, ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಚಕ್ರ ಬಡಿದು, ಪುಟಿದು, ಮಣ್ಣಿನ ದಿಬ್ಬಕ್ಕೆ ಡಿಕ್ಕಿ ಹೊಡೆದು ಬೆಂಕಿ ಹತ್ತಿಕೊಂಡಿತು. ಒಳಗಿದ್ದ 146 ಜನರಲ್ಲಿ 92 ಜನ ಹೋದರು.

ಆದರೆ ನಾನು ಹೇಳಬೇಕಾದ ಬಜ್ಪೆಯ ಕಥೆ ಇದರ ಉಲ್ಟಾ. ಬೆಂಗಳೂರಲ್ಲಿ ವಿಮಾನ ತೀರಾ ಮೊದಲೇ ನೆಲಕ್ಕೆ ಬಿತ್ತು. ಬಜ್ಪೆಯಲ್ಲಿ ತೀರಾ ತಡವಾಗಿ ಮುಟ್ಟಿತು.

ಬಜ್ಪೆ ಯಾವತ್ತೂ ತಡವನ್ನು ಕ್ಷಮಿಸುವ ಜಾಗ ಅಲ್ಲ. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ನಿಲ್ದಾಣ ಅದು. ಈಗ ಎಲ್ಲರ ಬಾಯಲ್ಲೂ "ಟೇಬಲ್‌ಟಾಪ್" ಅಂತ ಇದೆ. ಮೇಜಿನ ಮೇಲೆ ಆಟಿಕೆ ಕಾರು ಬಿಟ್ಟ ಹಾಗೆ, ಅಂಚು ದಾಟಿದರೆ ಕೆಳಗೆ ಕಮರಿ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ನಿಲ್ದಾಣ ಉದ್ಘಾಟನೆಯಾಯಿತು. ಆಗಿನ ರನ್‌ವೇ ಉದ್ದ ಸಾವಿರದ ಆರುನೂರು ಚಿಲ್ಲರೆ ಮೀಟರ್. ಆ ಕಾಲದ ಪುಟ್ಟ ವಿಮಾನಗಳಿಗೆ ಅಷ್ಟು ಸಾಕಿತ್ತು.

ಮೊದಲ ಎಚ್ಚರಿಕೆ ಬಂದಿದ್ದು 1981ರ ಆಗಸ್ಟ್ 19ರಂದು. ಮಳೆಗೆ ನೆನೆದ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ನಿಲ್ಲದೆ ಮುಂದಕ್ಕೆ ಓಡಿತು. ರನ್‌ವೇ ಅಂಚು ದಾಟಿ ಸ್ವಲ್ಪದರಲ್ಲೇ ನಿಂತಿತು. ವಿಮಾನ ಮತ್ತೆ ಹಾರದಷ್ಟು ಜಖಂ ಆಯಿತು, ಜೀವ ಮಾತ್ರ ಯಾರದ್ದೂ ಹೋಗಲಿಲ್ಲ. ಅದರೊಳಗೆ ಯಾರಿದ್ದರು ಗೊತ್ತಾ? ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಹುಟ್ಟಿದ ವೀರಪ್ಪ ಮೊಯ್ಲಿ. ಆಗ ಅವರು ರಾಜ್ಯದ ಹಣಕಾಸು ಮಂತ್ರಿ. ಇನ್ನೊಂದಷ್ಟು ದೂರ ಜಾರಿದ್ದರೆ ರಾಜ್ಯಕ್ಕೆ ಹನ್ನೊಂದು ವರ್ಷದ ನಂತರ ಸಿಕ್ಕಿದ ಆ ಮುಖ್ಯಮಂತ್ರಿ ಸಿಗ್ತಾ ಇರಲಿಲ್ಲ.

2006ರಲ್ಲಿ ಹೊಸ ರನ್‌ವೇ ಬಂತು. ಉದ್ದ 2,450 ಮೀಟರ್. ಬೋಯಿಂಗ್ 737ಕ್ಕೆ ಅಷ್ಟು ಧಾರಾಳ. ಅದೇ ವರ್ಷ ದುಬೈಗೆ ನೇರ ವಿಮಾನವೂ ಶುರುವಾಯಿತು. ಅದು ನಮ್ಮ ಕಡೆಯ ಮನೆಗಳಿಗೆ ಎಂಥ ವರ ಅಂತ ಹೊರಗಿನವರಿಗೆ ಅರ್ಥ ಆಗೋದು ಕಷ್ಟ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟು ಮನೆಯ ಹಂಚು ತೆಗೆದು ತಾರಸಿ ಆಗಿದ್ದು ಗಲ್ಫ್ ದುಡ್ಡಿನಲ್ಲಿ! ಮೊದಲೆಲ್ಲ ಬಾಂಬೆಗೆ ಹೋಗಿ, ಅಲ್ಲಿ ಕಾದು, ಬಸ್ಸಿನಲ್ಲಿ ರಾತ್ರಿ ಇಡೀ ಕೂತು ಬರಬೇಕಿತ್ತು. ಈಗ ದುಬೈಯಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಮನೆಯಲ್ಲಿ ತಿಂಡಿ.

ಇನ್ನೊಂದು ಮಾತು. ಈ ಹೊಸ ರನ್‌ವೇಗೆ ಈಶಾನ್ಯದ ಕಡೆಯಿಂದ ಇಳಿಯುವ ವಿಮಾನ ಕೊನೆಯ ಹಂತದಲ್ಲಿ ಹಾದುಬರೋದು ನಮ್ಮ ತಲೆ ಮೇಲೆಯೇ, ಬಂಟ್ವಾಳಕ್ಕೂ ಮೂಡುಬಿದಿರೆಗೂ ನಡುವಿನ ಆಕಾಶದಲ್ಲಿ. ಒಳಗೆ ಕೂತವನು ಗೇರು ಗುಡ್ಡಗಳನ್ನು ನೋಡಿ "ಬಂತು ಊರು" ಅಂತಾನೆ. ಕೆಳಗಿನವರು ತಲೆ ಎತ್ತಿ "ದುಬೈ ವಿಮಾನ" ಅಂತಾರೆ.

2010ರ ಮೇ 22, ಶನಿವಾರ. ಅವತ್ತು ಬೆಳಗ್ಗೆ ಆ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬಂತು.

ಏರ್ ಇಂಡಿಯಾ ಎಕ್ಸ್‌ಪ್ರೆಸ್ ಫ್ಲೈಟ್ 812. ದುಬೈಯಿಂದ ಮಂಗಳೂರಿಗೆ. 160 ಪ್ರಯಾಣಿಕರು, 6 ಸಿಬ್ಬಂದಿ. ಕ್ಯಾಪ್ಟನ್ ಸರ್ಬಿಯಾ ಮೂಲದ ಜ್ಲಾಟ್ಕೊ ಗ್ಲುಸಿಕಾ, ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿದವರು. ಸಹ ಪೈಲಟ್ ಹರ್ಬಿಂದರ್ ಸಿಂಗ್ ಅಹ್ಲುವಾಲಿಯಾ. ಹವೆ ಚೆನ್ನಾಗಿತ್ತು. ಗಾಳಿ ಶಾಂತ. ರನ್‌ವೇ ಒಣಗಿತ್ತು. ವಿಮಾನದಲ್ಲಿ ದೋಷ ಇರಲಿಲ್ಲ. ಬೆಳಗ್ಗೆ ಆರು ಗಂಟೆ ದಾಟಿ ಐದು ನಿಮಿಷಕ್ಕೆ ಅದು ರನ್‌ವೇ ತುದಿ ದಾಟಿ ಕೆಂಜಾರು ಕಡೆಯ ಕಮರಿಗೆ ಉರುಳಿತು. ಬದುಕಿದವರು 8 ಜನ. ಸತ್ತವರು 158.

ಆ ಬೆಳಗ್ಗೆ ನಾನು ಸ್ಟುಡಿಯೋದಲ್ಲಿದ್ದೆ. ಕಿವಿಗೆ ಇಯರ್‌ಪೀಸ್, ಎದುರಿಗೆ ಹೊಗೆಯ ದೃಶ್ಯ. ಒಂದು ಗಂಟೆಯೊಳಗೆ ನಾನು ತೀರ್ಪು ಕೊಟ್ಟಾಗಿತ್ತು. "ರನ್‌ವೇ ಚಿಕ್ಕದು! ಇಷ್ಟು ಚಿಕ್ಕ ರನ್‌ವೇಗೆ ಅನುಮತಿ ಕೊಟ್ಟವರು ಯಾರು?" ಅಂತ ಕ್ಯಾಮೆರಾ ನೋಡಿ ಕೂಗಿದೆ. ದಿನವಿಡೀ ಕೂಗಿದೆ. ನನ್ನ ಕಸಿನ್ ಒಬ್ಬ ಬೆಳ್ತಂಗಡಿಯಿಂದ ಫೋನ್ ಮಾಡಿ, "ನೀನು ಹೇಳಿದ್ದು ಕೇಳಿ ಅಮ್ಮ ಇನ್ನು ವಿಮಾನದಲ್ಲಿ ಬರಬೇಡ ಅಂತಿದ್ದಾರೆ" ಅಂದ. ನನಗೆ ಹೆಮ್ಮೆಯೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ಸಮಿತಿಯ ವರದಿ ಬಂತು. ನಾನದನ್ನ ಕೂತು ಓದಿದೆ. ಓದಿ ಮುಗಿಸುವಾಗ ನನ್ನ ಕೂಗು ನನಗೇ ನಾಚಿಕೆ ತಂದಿತ್ತು.

ವರದಿಯ ಪ್ರಕಾರ ನಡೆದಿದ್ದು ಇಷ್ಟು. ಕಾಕ್‌ಪಿಟ್‌ನ ಧ್ವನಿಮುದ್ರಣ ಎರಡು ಗಂಟೆ ಚಿಲ್ಲರೆಯದ್ದು. ಅದರಲ್ಲಿ ಮೊದಲ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕ್ಯಾಪ್ಟನ್ ಮಾತೇ ಇಲ್ಲ, ಗೊರಕೆಯ ಸದ್ದು. ಎದ್ದ ಮೇಲೂ ನಿದ್ದೆಯ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ಇತ್ತ ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯೋಕೆ ಅನುಮತಿ ಸಿಕ್ಕಿದ್ದೇ ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ. ನಮ್ಮ ಮೂಡುಬಿದಿರೆ ಸೀಮೆಯ ಆಕಾಶದಲ್ಲಿ ಎಷ್ಟು ತಗ್ಗಿರಬೇಕಿತ್ತೋ ಅಷ್ಟು ತಗ್ಗಿರಲಿಲ್ಲ. ರನ್‌ವೇ ಕಣ್ಣಿಗೆ ಬಿದ್ದಾಗ ವಿಮಾನ ಇರಬೇಕಾದ ಎತ್ತರದ ಹತ್ತಿರ ಹತ್ತಿರ ಎರಡರಷ್ಟು ಎತ್ತರದಲ್ಲಿತ್ತು.

ಆಗ ಏನು ಮಾಡಬೇಕು? ಇಳಿಯೋದು ಬಿಟ್ಟು ಮೇಲೇರಬೇಕು. ಒಂದು ಸುತ್ತು ಹೊಡೆದು ಮತ್ತೆ ಬರಬೇಕು. ಇದಕ್ಕೆ "ಗೋ ಅರೌಂಡ್" ಅಂತಾರೆ. ಸಹ ಪೈಲಟ್ ಅದನ್ನೇ ಹೇಳಿದರು. ಒಂದಲ್ಲ, ಮೂರು ಸಲ. ಯಂತ್ರವೂ ಕೂಗಿತು, ಇಳಿಯುವ ವೇಗ ಜಾಸ್ತಿ ಆಯ್ತು, ಮೇಲೆತ್ತು ಅಂತ ಮತ್ತೆ ಮತ್ತೆ ಎಚ್ಚರಿಸಿತು. ಕ್ಯಾಪ್ಟನ್ ಕೇಳಲಿಲ್ಲ. ನಿಮಿಷಕ್ಕೆ ನಾಲ್ಕು ಸಾವಿರ ಅಡಿಯಷ್ಟು ರಭಸದಲ್ಲಿ ಇಳಿಸಿಕೊಂಡು ಬಂದರು. ರನ್‌ವೇ ಶುರುವಾಗುವ ಜಾಗದಲ್ಲಿ 50 ಅಡಿ ಎತ್ತರ ಇರಬೇಕು. ಇದ್ದದ್ದು 200 ಅಡಿ. ವೇಗವೂ ಹೆಚ್ಚು.

ಈಗ ಒಂದು ಲೆಕ್ಕ ಕೇಳಿ. ಇಳಿಯುವ ವೇಗದಲ್ಲಿ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ಮುಂದೆ ಹೋಗುತ್ತೆ. ನೆಲ ಮುಟ್ಟದೆ ತೇಲಿದ ಒಂದೊಂದು ಸೆಕೆಂಡಿಗೂ 70 ಮೀಟರ್ ರನ್‌ವೇ ಖರ್ಚು. ಫ್ಲೈಟ್ 812ರ ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಶುರುವಿನಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಮುಂದೆ ಉಳಿದದ್ದು 2,800 ಅಡಿ. 2,450 ಮೀಟರ್ ರನ್‌ವೇಯಲ್ಲಿ ಬಳಕೆಗೆ ಸಿಕ್ಕಿದ್ದು ಮೂರನೇ ಒಂದು ಭಾಗ. ರನ್‌ವೇ ಚಿಕ್ಕದಾಗಿರಲಿಲ್ಲ ಸ್ವಾಮಿ. ಅದನ್ನ ಬಳಸದೆ ಬಿಟ್ಟಿದ್ದು.

ನನ್ನನ್ನು ಹೆಚ್ಚು ಕಾಡಿದ್ದು ಇದರ ನಂತರದ ವಾಕ್ಯ. ನೆಲ ಮುಟ್ಟಿದ ಆ ಕ್ಷಣದಲ್ಲೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಪೂರ್ಣ ಬ್ರೇಕ್, ಪೂರ್ಣ ರಿವರ್ಸ್ ಥ್ರಸ್ಟ್ ಹಾಕಿ ಹಿಡಿದಿದ್ದರೆ ವಿಮಾನ ಸುಮಾರು 7,600 ಅಡಿಯ ಬಳಿ, ಅಂದರೆ ರನ್‌ವೇ ಮುಗಿಯುವ ಮೊದಲೇ, ನಿಲ್ತಾ ಇತ್ತು ಅಂತ ಲೆಕ್ಕ ಹಾಕಿದ್ದಾರೆ. ಕ್ಯಾಪ್ಟನ್ ರಿವರ್ಸ್ ಹಾಕಿದರು. ಆರೇ ಸೆಕೆಂಡಿಗೆ ಮನಸ್ಸು ಬದಲಿಸಿ ಮತ್ತೆ ಮೇಲೇರೋಕೆ ನೋಡಿದರು. ರಿವರ್ಸ್ ಹಾಕಿದ ಮೇಲೆ ಮೇಲೇರುವ ಯೋಚನೆಯೇ ಕೂಡದು ಅನ್ನೋದು ಪೈಲಟ್‌ಗಳ ಮೊದಲ ಪಾಠ. ಏರಲೂ ಇಲ್ಲ, ನಿಲ್ಲಲೂ ಇಲ್ಲ. ರನ್‌ವೇ ಆಚೆಗಿನ ಆಂಟೆನಾ ಕಟ್ಟೆಗೆ ರೆಕ್ಕೆ ಬಡಿಯಿತು. ಬೇಲಿ ಮುರಿಯಿತು. ಆಮೇಲೆ ಕಮರಿ.

ಸಮತಟ್ಟಾದ ಊರಿನಲ್ಲಾಗಿದ್ದರೆ ಗದ್ದೆಗೆ ನುಗ್ಗಿ ನಿಲ್ಲುತ್ತಿತ್ತೇನೋ. ಹಾಗಾಗಿ ಗುಡ್ಡಕ್ಕೂ ಪಾಲಿಲ್ಲ ಅಂತ ನಾನು ಹೇಳಲ್ಲ. ರನ್‌ವೇ ಆಚೆ ಸುರಕ್ಷತೆಗೆ ಬಿಟ್ಟ ಜಾಗ ಆಗ 90 ಮೀಟರ್. 240 ಮೀಟರ್ ಇರಲಿ ಅನ್ನೋದು ಅಂತಾರಾಷ್ಟ್ರೀಯ ಸಲಹೆ. ಕೆಳಗಿನ ರಸ್ತೆಗಳು ಎಷ್ಟು ಕಿರಿದಾಗಿದ್ದವು ಅಂದರೆ ಅಗ್ನಿಶಾಮಕ ವಾಹನಗಳು ಪರದಾಡಿದವು. ಮೊದಲು ಇಳಿದು ಓಡಿದವರು ಸುತ್ತಲಿನ ಮನೆಗಳ ಜನ. ಇದೆಲ್ಲ ನಿಜ. ಆದರೆ ವರದಿ ಮುಖ್ಯ ಕಾರಣ ಅಂತ ಬರೆದದ್ದು, ಹದ ತಪ್ಪಿದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡಲಿಲ್ಲ ಅನ್ನೋದನ್ನ.

ಯಾಕೆ ಬಿಡಲಿಲ್ಲ? ವರದಿಯಲ್ಲಿ ಒಂದು ಸಣ್ಣ ಸಂಗತಿ ಇದೆ. ಟಿವಿಯಲ್ಲಿ ಯಾರೂ ಅದರ ಬಗ್ಗೆ ಚರ್ಚೆ ಮಾಡಲಿಲ್ಲ. ಈ ದುರಂತಕ್ಕೂ ಮುಂಚೆ, ಒಂದು ಹಾರ್ಡ್ ಲ್ಯಾಂಡಿಂಗ್ ವಿಚಾರಕ್ಕೆ ಇದೇ ಕ್ಯಾಪ್ಟನ್‌ರನ್ನು ಕರೆಸಿ ಕೌನ್ಸೆಲಿಂಗ್ ಮಾಡಲಾಗಿತ್ತು. ಅದೇ ಕಾರಣ ಅಂತ ನಾನು ಹೇಳೋದಿಲ್ಲ. ಅವತ್ತಿನ ಕಾರಣ ಎತ್ತರ, ವೇಗ ಮತ್ತು ನಿದ್ದೆ. ಆದರೆ ಅದನ್ನು ಓದಿದ ಮೇಲೆ ನಾನೊಂದು ಯೋಚನೆಗೆ ಬಿದ್ದೆ. ಧಡ್ ಅಂತ ಇಳಿಸಿದರೆ ಆಫೀಸಿನಿಂದ ಕರೆ ಬರುತ್ತೆ. ಪ್ರಯಾಣಿಕರು ಬೈತಾರೆ. ಸುತ್ತು ಹೊಡೆದರೆ ಇಂಧನ ಖರ್ಚು, ಹೊತ್ತು ಮೀರುತ್ತೆ, ಅದಕ್ಕೂ ಬೈತಾರೆ. ಮೆತ್ತಗೆ ಹೊತ್ತಿಗೆ ಸರಿಯಾಗಿ ಇಳಿಸಿದವನಿಗೆ ಮಾತ್ರ ಚಪ್ಪಾಳೆ. ಹೀಗಿರುವಾಗ ಕಾಕ್‌ಪಿಟ್‌ನಲ್ಲಿ ಕೂತ ಮನುಷ್ಯನ ಮನಸ್ಸು ಯಾವ ಕಡೆ ವಾಲುತ್ತೆ?

ಮೆತ್ತಗೆ ಇಳಿಸೋಕೆ ಹೊರಟವನು ಚಕ್ರವನ್ನು ನೆಲದ ಮೇಲಿಂದ ಒಂದೆರಡು ಅಡಿಯಲ್ಲೇ ತೇಲಿಸ್ತಾ ಹೋಗ್ತಾನೆ. ರನ್‌ವೇ ಕರಗ್ತಾ ಹೋಗುತ್ತೆ. ಚಕ್ರದ ಮೇಲೆ ಭಾರ ಬಿದ್ದರೆ ತಾನೇ ರೆಕ್ಕೆಯ ಮೇಲಿನ ಹಲಗೆಗಳು ಎದ್ದು ವಿಮಾನವನ್ನು ನೆಲಕ್ಕೆ ಒತ್ತೋದು, ಬ್ರೇಕ್ ಹಿಡಿಯೋದು? ಮಳೆಗಾಲದಲ್ಲಂತೂ ಇನ್ನೂ ಕಷ್ಟ. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ. ರನ್‌ವೇ ಮೇಲೆ ನೀರಿನ ಪದರ ನಿಂತಿರುತ್ತೆ. ಮೆತ್ತಗೆ ಮುಟ್ಟಿದ ಚಕ್ರ ಆ ನೀರಿನ ಮೇಲೆ ಜಾರುತ್ತೆ. ಗಟ್ಟಿಯಾಗಿ ಊರಿದ ಚಕ್ರ ನೀರನ್ನು ಸೀಳಿ ನೆಲ ಹಿಡಿಯುತ್ತೆ. ಕೆಸರು ಗದ್ದೆ ಬದುವಿನ ಮೇಲೆ ನಡೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹೆಜ್ಜೆ ಊರಿ ನಡೆದವನು ದಾಟ್ತಾನೆ, ನಾಜೂಕಾಗಿ ಹೋದವನು ಜಾರ್ತಾನೆ.

ಹತ್ತು ವರ್ಷದ ಮೇಲೆ ಅದೇ ಪಾಠ ಮತ್ತೆ ಬಂತು. 2020ರ ಆಗಸ್ಟ್ 7. ಅದೇ ಕಂಪನಿ, ಅದೇ ದುಬೈ, ಅದೇ ಬೋಯಿಂಗ್ 737, ಕೋಯಿಕ್ಕೋಡ್‌ನ ಗುಡ್ಡದ ಮೇಲಿನ ನಿಲ್ದಾಣ. ಸುರಿಯುವ ಮಳೆ, ಹಿಂದಿನಿಂದ ಗಾಳಿ. 8,858 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 4,438 ಅಡಿ ದಾಟಿದ ಮೇಲೆ. ಅಲ್ಲೂ ಸಹ ಪೈಲಟ್ ಗೋ ಅರೌಂಡ್ ಅಂದಿದ್ದರು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ತೀರಿಕೊಂಡರು.

ಬಜ್ಪೆ ದುರಂತದಲ್ಲಿ ಗುರುತು ಸಿಗದ ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣು ಮಾಡಿದರು. ಅಲ್ಲೀಗ ಸ್ಮಾರಕ ಇದೆ. ಪ್ರತಿ ಮೇ 22ಕ್ಕೆ ಜನ ಹೂವು ಇಟ್ಟು ಬರ್ತಾರೆ. ಅದೇ ಫಲ್ಗುಣಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಗೊಮ್ಮಟನ ಪಕ್ಕದಲ್ಲಿ ಹರಿದು ಬರೋದು. ನನ್ನ ಅಜ್ಜಿ ಮನೆ ಅಲ್ಲಿಗೆ ಹತ್ತಿರ. ಆ ನೀರಲ್ಲಿ ಆಡಿ ಬೆಳೆದವನು ನಾನು. ಒಂದು ಸಲ ಕೂಳೂರಿನ ದಂಡೆಯಲ್ಲಿ ನಿಂತಾಗ ನನ್ನ ಆ ದಿನದ ಕೂಗು ನೆನಪಾಯಿತು. ಯಾರದ್ದೋ ಮಗ, ಯಾರದ್ದೋ ಹೆಂಡತಿ ಇಲ್ಲಿ ಮಲಗಿದ್ದಾರೆ. ಅವರ ಮನೆಯವರು ಆ ಬೆಳಗ್ಗೆ ಟಿವಿ ಮುಂದೆ ಕೂತು ಸತ್ಯ ಏನು ಅಂತ ಕಾಯ್ತಾ ಇದ್ದರು. ನಾನು ಅವರಿಗೆ ಕೊಟ್ಟಿದ್ದು ಗೊತ್ತಿಲ್ಲದ ವಿಷಯದ ಮೇಲೆ ಒಂದು ತೀರ್ಪು. ಆ ಕ್ಯಾಪ್ಟನ್ ಇಳಿಯಲೇಬೇಕು ಅಂತ ಹಠ ಹಿಡಿದ ಹಾಗೆ ನಾನೂ ಹೇಳಲೇಬೇಕು ಅಂತ ಹಠ ಹಿಡಿದಿದ್ದೆ. ಒಂದು ಸುತ್ತು ಹೊಡೆದು ಬರಬಹುದಿತ್ತು.

ಇಷ್ಟನ್ನೂ ಆ ವೇಣೂರಿನ ಹಿರಿಯರಿಗೆ ಹೇಳಿದೆ. ಬೆಲ್ಟ್ ಮೇಲೆ ಅವರ ಪೆಟ್ಟಿಗೆ ಎರಡು ಸಲ ತಿರುಗಿ ಹೋಯ್ತು, ಅವರು ಎತ್ತಿಕೊಳ್ಳಲಿಲ್ಲ. ಕಡೆಗೆ ಕೇಳಿದರು, "ಹಾಗಾದ್ರೆ ಅವನು ಕೆಡವಿದ್ದೇ ಒಳ್ಳೇದಾಯ್ತು ಅಂತೀರಾ?"

"ಇವತ್ತಿನ ಮಳೆಗೆ ಹೌದು" ಅಂದೆ.

ಅವರು ಪೆಟ್ಟಿಗೆ ಎತ್ತಿಕೊಂಡು ಹೊರಟರು. ಬಾಗಿಲ ಬಳಿ ಆ ಪೈಲಟ್ ತನ್ನ ಸಣ್ಣ ಸೂಟ್‌ಕೇಸ್ ಎಳೆದುಕೊಂಡು ಹೋಗ್ತಾ ಇದ್ದ. ಚಿಕ್ಕ ಹುಡುಗ. ಹಿರಿಯರು ಅವನನ್ನು ನಿಲ್ಲಿಸಿ ಏನೋ ಹೇಳಿದರು. ಹುಡುಗನಿಗೆ ಕನ್ನಡ ಬಂತೋ ಇಲ್ಲವೋ ಗೊತ್ತಿಲ್ಲ. ಆದರೆ ನಕ್ಕ, ಕೈ ಮುಗಿದ.

ನಿಮ್ಮಲ್ಲೂ ನನ್ನದೊಂದು ವಿನಂತಿ. ಮುಂದಿನ ಸಲ ಬಜ್ಪೆಯಲ್ಲಿ ವಿಮಾನ ಧಡ್ ಅಂತ ಇಳಿದರೆ, ಅಥವಾ ಇನ್ನೇನು ಇಳೀತು ಅನ್ನುವಾಗ ಮತ್ತೆ ಮೇಲಕ್ಕೆ ಹಾರಿ ಬಂಟ್ವಾಳದ ಮೇಲೊಂದು ಸುತ್ತು ಹೊಡೆದರೆ, ಸೊಂಟ ಹಿಡ್ಕೊಳ್ಳಿ, ವಾಚು ನೋಡ್ಕೊಳ್ಳಿ. ಬೈಬೇಡಿ. ಮನೆಯಲ್ಲಿ ಕಾಯ್ತಾ ಇರುವವರಿಗೆ ಹತ್ತು ನಿಮಿಷ ತಡ ಆದರೆ ಏನೂ ಆಗಲ್ಲ.